ಸಿಲಿಂಡರಿನ ಕೆಂಪು ಬೊಟ್ಟು

ಅಂಕಲಿಯ ಬಳಿ ಕೃಷ್ಣೆಯ ಮಡುವಿನ ತಳದಲ್ಲಿ ಆ ಹೊಸ ಜಾತಿಯ ಚಿಪ್ಪುಜೀವಿಯನ್ನು ಮೊದಲು ಕಂಡವನು ಭೀಮಸಿ. ಅದಕ್ಕೆ ಸಿಕ್ಕಿದ್ದು ಮಾತ್ರ ವಿಜ್ಞಾನಿ ಡಾಕ್ಟರ್ ಆಬಾಸಾಹೇಬನ ಹೆಂಡತಿ ಚಂದ್ರಮತಿಯ ಹೆಸರು.

ಭೀಮಸಿ ಪ್ರಾಣಿಶಾಸ್ತ್ರ ಓದಿದವನು. ನದಿ ಸಂಶೋಧನಾ ಕೇಂದ್ರಕ್ಕೆ ಬರುವ ವಿಜ್ಞಾನಿಗಳಿಗೆ ಗಾಳಿಯ ಸಿಲಿಂಡರ್ ತುಂಬಿಕೊಟ್ಟು, ಜೊತೆಗೆ ಮುಳುಗಿ, ಜೀವಂತ ಮೇಲೆ ತರುವುದು ಅವನ ಕೆಲಸ. ಕಳೆದ ಸಲ ಬಂದಾಗ ಬೇರೆ ಅತಿಥಿಗಳೆದುರು ಡಾಕ್ಟರ್ ಅವನ ಬೆನ್ನು ತಟ್ಟಿದ್ದ. "ಇಂವಾ ನಮ್ಮ ಕೇಂದ್ರದ ಎಮ್ಮಿ ನೋಡ್ರಿ. ನೀರು ಕಂಡ್ರ ಸಾಕು, ಇಳದ ಬಿಡ್ತಾನ." ಎಲ್ಲರೂ ನಕ್ಕರು. ಭೀಮಸಿಯೂ ನಕ್ಕ. ಆ ನಗೆ ಇನ್ನೂ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ತೊಂಬತ್ಮೂರರ ಫೆಬ್ರವರಿಯಲ್ಲಿ ಡಾಕ್ಟರ್ ಮತ್ತೆ ಬರುವವನಿದ್ದ. ಭೀಮಸಿ ಅದೇ ಮಡುವಿನಲ್ಲಿ ಇನ್ನೊಂದು ಹೊಸ ಚಿಪ್ಪನ್ನು ಗುರುತಿಸಿದ್ದ. ಅದರ ಸುದ್ದಿ ಡಾಕ್ಟರನ ಕಿವಿಗೂ ಬಿದ್ದಿತ್ತು. ಅದಾದರೂ ತನ್ನದಾಗಿ ಉಳಿಯಬೇಕಾದರೆ ಡಾಕ್ಟರ್ ಮೇಲೆ ಬರಬಾರದು.

ಯೋಚನೆ ಸರಳವಾಗಿತ್ತು. ಗಾಳಿ ತುಂಬುವ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರಿನಲ್ಲಿ ಬೆರೆತರೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಕೈಕಾಲು ಸೋಲುತ್ತವೆ. ತುಂಬುವಾಗ ಹೊಗೆ ಗಾಳಿ ಎಳೆಯುವ ಕೊಳವೆಯ ಕಡೆ ತಿರುಗಿತ್ತು ಎಂದರೆ ಅಪಘಾತವೆಂದೇ ಬರೆದುಕೊಳ್ಳುತ್ತಾರೆ. ಅತಿಥಿಯನ್ನು ಒಬ್ಬನೇ ಇಳಿಸುವಂತಿಲ್ಲ. ಆದ್ದರಿಂದ ಉಳಿಸಲು ಹೆಣಗಿದವನೂ ಸಾಕ್ಷಿ ಹೇಳುವವನೂ ತಾನೇ. ಎರಡು ಸಿಲಿಂಡರುಗಳಲ್ಲಿ ಒಂದನ್ನು ಮಾತ್ರ ಕೆಡಿಸಿ, ಅದರ ಕತ್ತಿಗೆ ಕೆಂಪು ಎಣ್ಣೆಬಣ್ಣದ ಸಣ್ಣ ಬೊಟ್ಟಿಟ್ಟ.

ಬೆಳಿಗ್ಗೆ ಚಿಕ್ಕೋಡಿಗೆ ಹೋಗಿ ಡಾಕ್ಟರನನ್ನು ಜೀಪಿನಲ್ಲಿ ಕರೆತಂದ.

"ಹೊಸಾ ಚಿಪ್ಪಿಗೆ ಮಗಳ ಹೆಸರಿಡೂನಂತ ಮಾಡೇನಿ. ಹೆಂಗಲೇ ಎಮ್ಮಿ?"

"ಭಾಳ ಛಲೋ ಆಕ್ಕೈತ್ರಿ, ಸಾಹೇಬ್ರ."

ದೋಣಿ ನಡೆಸುವ ಮಲಕಾರಿ ಸಿಲಿಂಡರುಗಳನ್ನು ದಡಕ್ಕೆ ತಂದಿಟ್ಟಿದ್ದ. ಉಗ್ರಾಣ ನೋಡುವ ಸುಂದರಾ ತಟ್ಟೆ ಹಿಡಿದು ಭೀಮಸಿಗೆ ಅಡ್ಡ ಬಂದಳು.

"ಯಣ್ಣಾ, ಕೊಬ್ಬರಿ ತಿಂದ ಇಳೀರಿ. ಅಮಾಸಿ ಐತಿ ಇವತ್ತ."

"ಮ್ಯಾಲ ಬಂದ ತಿಂತೇನಿ. ಸರಿ ಬೇ ಆ ಕಡೆ!"

ಅಷ್ಟರಲ್ಲಿ ಭೀಮಸಿಯ ಕಣ್ಣಿಗೆ ಕೆಂಪು ಬೊಟ್ಟು ಬಿದ್ದಿತ್ತು. ಆ ಸಿಲಿಂಡರನ್ನು ತಾನೇ ಎತ್ತಿ ಡಾಕ್ಟರನ ಬೆನ್ನಿಗೆ ಬಿಗಿದ. ಉಳಿದದ್ದನ್ನು ಮಲಕಾರಿ ಹಿಂದಿನಿಂದ ಭೀಮಸಿಗೆ ಕಟ್ಟಿದ. ತಿರುಗಿ ನೋಡುವ ಅಗತ್ಯವಿರಲಿಲ್ಲ.

ತಳ ಮುಟ್ಟಿದ ಮೇಲೆ ಭೀಮಸಿ ಹಿಂದೆ ನಿಂತು ಕಾದ. ಡಾಕ್ಟರ್ ಚುರುಕಾಗಿ ಕಲ್ಲು ಮಗುಚುತ್ತಲೇ ಇದ್ದ. ಸಿಡಿಯತೊಡಗಿದ್ದು ಭೀಮಸಿಯ ಹಣೆ. ಮೇಲೇಳಲು ನೋಡಿದ, ಕಾಲು ಮಾತು ಕೇಳಲಿಲ್ಲ. ಡಾಕ್ಟರನ ಬೆನ್ನ ಮೇಲೆ ಬೊಟ್ಟಿದ್ದ ಜಾಗ ಈಗ ಬರಿದಾಗಿತ್ತು. ಎಣ್ಣೆಬಣ್ಣ ನೀರಿಗೆ ಹೋಗುವುದಿಲ್ಲ. ಪ್ರತಿ ಅಮಾವಾಸ್ಯೆ ಸುಂದರಾ ಕಾಯಿ ಒಡೆದು, ಎಂಜಿನ್ನಿಗೂ ಎಲ್ಲ ಸಿಲಿಂಡರುಗಳಿಗೂ ಹಚ್ಚುವ ಕುಂಕುಮ ಹೋಗುತ್ತದೆ.