ಬೇರೆಯಾದ್ರೆ ಮತ್ತೆ ಸೇರುದುಂಟಾ?

"ಎಳಿಬೇಡಿ ಮೇಡಂ, ಹಿಡಿ ಕೈಗೆ ಬರ್ತದೆ!" ಬಾಗಿಲಿನ ಹೊರಗಿನಿಂದ ಅಟೆಂಡರ್ ಬೋಜಪ್ಪ ಕೂಗಿದ.

ಗಾನಶ್ರೀ ಹಿಡಿ ಬಿಡಲಿಲ್ಲ. ಪುತ್ತೂರಿನ ಆ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗೆ ಸಿಕ್ಕಿಬಿದ್ದವರು ಇಬ್ಬರೇ ಉಪನ್ಯಾಸಕರು... ಅವಳು ಮತ್ತು ಸುಳ್ಯದ ಉಲ್ಲಾಸ್. ಯಾರನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದ್ದಳೋ, ಯಾರ ಮುಖ ಕಾಣಬಾರದೆಂದು ಈಚೆಗೆ ಸ್ಟಾಫ್ ರೂಮಿಗೇ ಹೋಗುತ್ತಿರಲಿಲ್ಲವೋ, ಅದೇ ಉಲ್ಲಾಸ್!

"ಹಾರೆ ತರ್ತೇನೆ, ಸ್ವಲ್ಪ ತಡೀರಿ ಮಾರಾಯ್ರೆ!" ಹೊರಗಿನಿಂದ ಅಟೆಂಡರ್ ಬೋಜಪ್ಪ ಕೂಗಿದ.

ಸಂಜೆ ಕುಂಬ್ರದ ಅವಳ ಮನೆಗೆ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಒಪ್ಪಿಗೆ ಕೊಟ್ಟವಳು ಅವಳೇ. ಈಗ ಅದು ಬಿಸಿತುಪ್ಪ... ನುಂಗಲೂ ಆಗದು, ಉಗುಳಲೂ ಆಗದು. ಈ ಬಾಗಿಲು ತೆರೆದರೂ ತನಗೆಲ್ಲಿಯ ಬಿಡುಗಡೆ?

"ಮದುವೆಯಂತೆ," ಎಂದ ಉಲ್ಲಾಸ್. "ನನಗೆ ಒಂದು ಮಾತು ಹೇಳ್ಬಹುದಿತ್ತು."

ಅವಳಿಗೆ ಮೈಯೆಲ್ಲ ಉರಿಯಿತು. "ಸಂಬಂಧ ಬಂದ ದಿನವೇ ಕೇಳಿದ್ದೆ! ಇಲ್ಲೇ, ಈ ಪೆಟ್ಟಿಗೆ ಎದುರು! ಬೇರೆಯಾದ್ರೆ ಮತ್ತೆ ಸೇರುದುಂಟಾ ಅಂತ... ನೀವು ಎಂತ ಹೇಳಿದ್ದು?"

"ಸೇರುದಿಲ್ಲ ಅಂದೆ. ಆದ್ರೆ ಅದು... ಗಾಳಿ ಬಗ್ಗೆ!"

"ಗಾಳಿಯಾ?!"

ಮೇಜಿನ ಮೇಲಿದ್ದದ್ದು ಗಾಳಿಯ ಹರಿವು ತೋರಿಸಲು ಫ್ಯಾನ್ ಕೂರಿಸಿದ ಗಾಜಿನ ಪೆಟ್ಟಿಗೆ, ಒಳಗೊಂದು ಥರ್ಮಾಕೋಲಿನ ವಿಮಾನದ ರೆಕ್ಕೆ. ಉಲ್ಲಾಸ್ ಗಡಿಬಿಡಿಯಲ್ಲಿ ಊದುಬತ್ತಿ ಹಚ್ಚಿ, ಹೊಗೆಯನ್ನು ತಡೆದು ತಡೆದು ಬಿಟ್ಟ.

"ನೋಡಿ, ರೆಕ್ಕೆ ಮೂತಿಗೆ ತಾಗಿ ಗಾಳಿ ಎರಡು ಪಾಲಾಗ್ತದೆ. ರೆಕ್ಕೆಯ ಹಿಂದೆ ಎರಡೂ ಒಟ್ಟಿಗೇ ಬಂದು ಸೇರ್ತದೆ ಅಂತ ಹೇಳ್ತಾರಲ್ಲ, ಅದು ಸುಳ್ಳು. ಮೇಲಿನದ್ದು ಮೊದಲೇ ದಾಟಿ ಹೋಗ್ತದೆ. ಗಾಳಿಯನ್ನು ಕೆಳಗೆ ಬಗ್ಗಿಸಿದ್ದಕ್ಕೇ ರೆಕ್ಕೆ ಮೇಲೇಳುದು. ನೀವು ಇದನ್ನೇ ಕೇಳಿದ್ದು ಅಂತ ನಾನು..."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಿತ್ತು! 'ನಾವು ಬೇರೆಯಾದ್ರೆ' ಎನ್ನಬೇಕಿದ್ದಲ್ಲಿ 'ನಾವು' ಎಂಬ ಒಂದೇ ಪದ ಅಂದು ಅವಳ ಗಂಟಲಲ್ಲಿ ನಾಚಿ ಉಳಿದಿತ್ತು. ಈ ಪುಣ್ಯಾತ್ಮನಿಗೆ ಹೊಗೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಗುವೂ ಅಳುವೂ ಒಟ್ಟಿಗೆ ನುಗ್ಗಿ ಬಂದವು. ಅವಳು ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಅವರಿಗೆ ಬರುದು ಬೇಡ ಅಂತ ಹೇಳು. ನಂಗೆ ಒಪ್ಪಿಗೆ ಇಲ್ಲ... ಹೌದು, ಬೇರೆ ಒಬ್ರು ಇದ್ದಾರೆ."

"ನೀನು ಮೊದಲು ಮನೆಗೆ ಬಾ!" ಅಮ್ಮನ ಕೂಗು ಉಲ್ಲಾಸನಿಗೂ ಕೇಳಿಸಿತು.

ಬೋಜಪ್ಪನ ಹಾರೆ ಸಂದಿಗೆ ಹೊಕ್ಕಿತು. ಬಾಗಿಲು ಕಿರುಗುಟ್ಟಿತು.

"ಹೋದ್ರೆ ಮತ್ತೆ ಹೊರಗೆ ಬಿಡ್ತಾರೋ ಇಲ್ವೋ..." ಅವಳ ಸ್ವರ ಒಡೆಯಿತು.

"ಗಾಳಿ ಯಾರಿಗೂ ಕಾಯುದಿಲ್ಲ ಗಾನಾ. ನಾನು ಕಾಯ್ತೇನೆ."

"ಕಾಯುದೆಲ್ಲ ಬೇಡ. ಬೈಕ್ ತೆಗೀರಿ. ಅಮ್ಮನ ಎದುರು ಒಟ್ಟಿಗೇ ನಿಲ್ಲುವ."

ಬಾಗಿಲು ಧಡ್ ಎಂದು ತೆರೆಯಿತು.

"ಯಾರು ನಿಲ್ಲುದು?" ಉಲ್ಲಾಸ್ ಮೆಲ್ಲನೆ ಕೇಳಿದ. "ಈ ಸಲ ಸರಿ ಕೇಳಿಸ್ಕೊಳ್ಬೇಕು ನಂಗೆ."

ಬೋಜಪ್ಪ ನೋಡುತ್ತಿದ್ದಂತೆಯೇ ಅವಳು ಅವನ ಕೈ ಹಿಡಿದಳು.

"ನಾವು."