ಹೆಜ್ಜೆ ಇಟ್ಟಂಗಿ

ಆ ದಿನ ಬೆಳಗ್ಗೆ ಕೃಷ್ಣೆಯ ಹಿನ್ನೀರಿನಿಂದ ಎದ್ದ ಮಂಜು ಅನಗವಾಡಿಯ ದಂಡೆ ಬಿಟ್ಟು ಕದಲಿರಲಿಲ್ಲ. ಬಿಸಿಲಿಗೂ ಒಳಗೆ ಬರಲು ಅಂಜಿಕೆಯೋ ಏನೋ, ಇಟ್ಟಂಗಿ ಭಟ್ಟಿಯ ಮೇಲೆ ಬೂದು ಬೆಳಕಷ್ಟೇ ತೂಗುತ್ತಿತ್ತು. ಸುಟ್ಟ ಹೊಟ್ಟಿನ ಘಾಟು. ಕೊಳೆತ ರಾಡಿಯ ವಾಸನೆ.

"ಅಕ್ಕಾರ, ಚಪ್ಪಲ್ ಬಿಡಬ್ಯಾಡ್ರಿ. ಬರಿಗಾಲಿಲೆ ಈ ರಾಡಿ ತುಳಿಬ್ಯಾಡ್ರಿ," ಎಂದಳು ಭಟ್ಟಿಯ ಆಳು ಶಿವವ್ವ, ತಾನು ತುಳಿಯುತ್ತಲೇ.

ಮುಧೋಳದ ಹಲ್ಲಿನ ಡಾಕ್ಟರ್ ಕೇತಕಿ ನಕ್ಕಳು. ಕೆಳಗಿನ ಮನೆ ಕಟ್ಟಿದ್ದು ಈ ಭಟ್ಟಿಯ ಇಟ್ಟಂಗಿಯಿಂದಲೇ. ಈಗ ಮಾಳಿಗೆಗೂ ಬೇಕೆಂದು ಗಂಡ ವಾಸುದೇವನೊಂದಿಗೆ ಬಂದಿದ್ದಳು.

"ಯಾಕ, ಭೂತ ಹಿಡೀತದೇನು?"

"ಮೊದಲ ಹೆಜ್ಜಿ ಕೊಯ್ದು ಇಟ್ಟಂಗಿ ಮಾಡ್ತಾರ್ರಿ. ಮಂತ್ರಿಸಿ ಸುಡ್ತಾರ. ಆಮ್ಯಾಲ ಕಾಲು ನಮ್ಮ ಮಾತು ಕೇಳಂಗಿಲ್ಲ. ನನ್ನ ಹಡೆದವ್ವ ಇಲ್ಲೇ ಬೀಳಗ್ಯಾಗ ಸತ್ತಳು. ಮಣ್ಣಿಗೆ ಹೋಗಾಕ ಆಗಲಿಲ್ಲ."

"ಛಲೋ ಕತಿ ಹೇಳ್ತೀ ನೋಡು!" ಕೇತಕಿ ಚಪ್ಪಲಿ ಬಿಟ್ಟು ಕೆಸರಿಗಿಳಿದಳು. "ರೀ, ಒಂದು ಫೋಟೋ ತಗೀರಿ."

ಭಟ್ಟಿಯ ಮಾಲೀಕ ಶಿದ್ರಾಮಪ್ಪ ಸದ್ದಿಲ್ಲದೆ ಬಂದ. ಆ ಹೆಜ್ಜೆಯನ್ನು ಹಸಿ ರೊಟ್ಟಿ ಎತ್ತಿದಂತೆ ಮೆಲ್ಲಗೆ ಎತ್ತಿ ಅಚ್ಚಿನಲ್ಲಿಟ್ಟ. ತುಟಿಗಳು ಅಲುಗಿದವು. ಹಸಿಯಾಗಿಯೇ ಅದನ್ನು ಬೆಂಕಿಯ ಬಾಯಿಗೆ ನೂಕಿದ.

"ಗಿರಾಕಿ ಯಾರು, ಆಳು ಯಾರು ಅಂತ ರಾಡಿಗೆ ಗೊತ್ತಾಗಂಗಿಲ್ರಿ, ಅಕ್ಕಾರ," ಎಂದ.

ಗೇಟಿಗೆ ಕದವಿರಲಿಲ್ಲ. ಎರಡು ಕಂಬ, ನಡುವೆ ಬಯಲು. ಹೊರಡಲೆಂದು ಅಲ್ಲಿಗೆ ಬಂದ ಕೇತಕಿಯ ಬಲಗಾಲು ಎದ್ದಿತು. ಅಲ್ಲೇ ನಿಂತಿತು. ಮುಂದೆ ಹೋಗದು. ಅಂಗಾಲು ಕಾದಿತು. ವಾಸುದೇವ ಎಳೆದ. ಎತ್ತಿಕೊಂಡ. ಅವಳು ಚೀರಿದಳು. ಸುಟ್ಟ ಚರ್ಮದ ನಾತ. ಅವಳದೇ ಚರ್ಮ.

ಪೊಲೀಸರನ್ನು ಕರೆತಂದದ್ದೂ ಆಯಿತು. "ಕೀಲಿ ಇಲ್ಲ, ಹಗ್ಗ ಇಲ್ಲ. ಯಾರು ಹಿಡದಾರ್ರಿ ನಿಮ್ಮನ್ನ?" ಎಂದು ಕೇಳಿ ಹೊರಟುಹೋದರು.

ಭಟ್ಟಿ ಆರಿತು. ಟ್ರ್ಯಾಕ್ಟರುಗಳು ಕೇತಕಿಯ ಹೆಜ್ಜೆಯನ್ನೂ ಸೇರಿಸಿ ಇಟ್ಟಂಗಿ ಹೇರಿಕೊಂಡು ಜಮಖಂಡಿ, ಬನಹಟ್ಟಿಗಳ ಕಡೆ ಹೋದವು. ಜನರ ಬಾಯಿಯ ನೋವು ಕಳೆಯುತ್ತಿದ್ದ ಬೆರಳುಗಳು ಅಚ್ಚು ಹೊಡೆಯುವುದನ್ನು ಕಲಿತವು. ನಡೆಯಲೆಂದು ದೇವರು ಕೊಟ್ಟ ಕಾಲು, ದಿನವೆಲ್ಲ ನಿಂತಲ್ಲೇ ತುಳಿಯಿತು.

"ಬಿಡುಗಡಿನ ಇಲ್ಲೇನು ಶಿವವ್ವಾ?"

"ಐತ್ರಿ. ನಮ್ಮ ಹೆಜ್ಜಿ ಯಾರ ಗ್ವಾಡ್ಯಾಗ ಕುಂತೈತೋ, ಆ ಮನಿಯಾವ್ರು ಗ್ವಾಡಿ ಒಡದು ತಂದು ಕೊಡಬೇಕು."

"ಯಾರನ್ನರೆ ಕೇಳಿಯೇನು?"

"ಇಲ್ಲಿಗೆ ಬಂದ ಗಿರಾಕಿನೆಲ್ಲಾ ಕೇಳೇನಿ. ಹ್ವಾದ ವರ್ಷ ನಿಮ್ಮ ಯಜಮಾನ್ರನ್ನೂ ಕೇಳಿದ್ದೆ." ಶಿವವ್ವ ತಲೆ ಎತ್ತಲಿಲ್ಲ. "ನಕ್ಕು ಹ್ವಾದ್ರು."

ಕೇತಕಿ ಫೋನಿನಲ್ಲಿ ಗಂಡನಿಗೆ ಒಂದೇ ಮಾತು ಹೇಳಿದಳು: "ನಮ್ಮ ಮನಿ ಗ್ವಾಡಿ ಒಡೀರಿ."

ವಾಸುದೇವ ಒಡೆದ. ಪಡಸಾಲೆ ಒಡೆದ. ಅಡುಗೆಮನೆ ಒಡೆದ. ಕೊನೆಗೆ ದೇವರಕೋಣೆಯ ಗೋಡೆಯಲ್ಲಿ ಹೆಜ್ಜೆ ಮೂಡಿದ ಇಟ್ಟಂಗಿ ಸಿಕ್ಕಿತು. ಬೊಬ್ಬೆಯೆದ್ದ ಕೈಗಳಲ್ಲಿ, ಟವೆಲ್ಲಿನಲ್ಲಿ ಸುತ್ತಿ ತಂದ. ಕೇತಕಿ ಕಸಿದುಕೊಂಡಳು. ನೆಲಕ್ಕಿಟ್ಟಳು. ತಾನು ಕೆಸರಿಗಿಳಿಯುವ ಮೊದಲೇ ಕಟ್ಟಿದ ಗೋಡೆಯದು ಎಂದು ಗೊತ್ತಿದ್ದೂ ಪಾದ ಇಟ್ಟಳು. ಹಿಮ್ಮಡಿ ಕೂಡಲಿಲ್ಲ. ಮತ್ತೆ ಒತ್ತಿದಳು. ಬೆರಳು ಕೂಡಲಿಲ್ಲ. ಇದು ಅವಳದಲ್ಲ.

ಪಕ್ಕದಲ್ಲಿ ಶಿವವ್ವ ಇಟ್ಟಂಗಿ ನೋಡುತ್ತಿದ್ದಳು. ತನ್ನ ಕಾಲು ನೋಡುತ್ತಿದ್ದಳು.

"ನಾಳಿಂದ ಜಮಖಂಡಿ, ಬನಹಟ್ಟಿ ಮನಿಮನಿ ತಿರಗ್ತೇನಿ," ಎಂದ ವಾಸುದೇವ. "ಕೇಳ್ತೇನಿ."

"ಅವರೂ ನಿಮ್ಮಂಗ ನಕ್ಕರ?" ಎಂದಳು ಕೇತಕಿ.

ಅವನು ಟವೆಲ್ಲನ್ನು ಬೊಬ್ಬೆಯೆದ್ದ ಕೈಗೆ ಸುತ್ತಿಕೊಂಡ.

ಶಿವವ್ವನೂ ಹೋದರೆ ಈ ಹೊಗೆಯಲ್ಲಿ ಮಾತಾಡಲು ಯಾರು? ಮತ್ತೆ ಹೊತ್ತಿಸಿದ ಭಟ್ಟಿಯ ಬೆಂಕಿ ಎರಡೇ ಮಾರು ದೂರದಲ್ಲಿತ್ತು. ಒಂದು ಸಲ ಎಸೆದರೆ ಸಾಕಿತ್ತು. ಕೇತಕಿ ಇಟ್ಟಂಗಿ ಎತ್ತಿ ಬಿಗಿಹಿಡಿದಳು. ಆಮೇಲೆ ಸೆರಗಿನಿಂದ ಆ ಹೆಜ್ಜೆಗೆ ಮೆತ್ತಿದ್ದ ತನ್ನ ಮನೆಯ ಸುಣ್ಣವನ್ನು ಒರೆಸಿ, ಅದನ್ನು ಶಿವವ್ವನ ಕೈಗಿಟ್ಟಳು.