ನಾರಾವಿಯ ಮೂರು ಗೋಣಿ

"ಒಳ್ಳೆಮೆಣಸಿನ ಬದಲು ಹೊಯಿಗೆ! ನಿನ್ನ ಡ್ರೈವರ್ ಕಳ್ಳ, ವಹಾಬ್!"

೧೯೫೮ರ ಆ ಬೆಳಿಗ್ಗೆ ನಾರಾವಿಯ ವ್ಯಾಪಾರಿ ವಿಜಯರಾಜರ ಕೂಗು ಬಂಟ್ವಾಳ ಪೇಟೆಗೆಲ್ಲ ಕೇಳಿಸಿತು. ದರ್ಜಿ ಭೋಜ ಹೊಲಿಗೆ ಬಿಟ್ಟು, ತನ್ನ ಗೆಳೆಯ ಧರ್ಣಪ್ಪನ ಜೊತೆ ಅಬ್ದುಲ್ ವಹಾಬರ ಲಾರಿ ಗೋದಾಮಿಗೆ ಓಡಿದ. ಧರ್ಣಪ್ಪ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಊರಿನ ಕಳವುಗಳೆಲ್ಲ ಕೊನೆಗೆ ಅವನ ಮುಂದೆಯೇ ಬರುತ್ತಿದ್ದವು.

ವಿಜಯರಾಜರು ವಹಾಬರ ಲಾರಿಯಲ್ಲಿ ಕಳಿಸಿ, ಮಂಗಳೂರಿನಿಂದ ಹಿಂದಕ್ಕೆ ಬಂದಿದ್ದ ಮೂರು ಗೋಣಿಗಳು ಅಲ್ಲಿದ್ದವು. ಬಾಯಿಯ ಕಡೆ ಕರಿಮೆಣಸು, ಬುಡದಲ್ಲಿ ಭತ್ತದ ಉಮಿ ಬೆರೆಸಿದ ಮರಳು. ಡ್ರೈವರ್ ಶೀನಪ್ಪನ ತುಟಿ ಒಡೆದಿತ್ತು, ವಿಜಯರಾಜರು ಹೊಡೆದಿದ್ದರು.

"ಇವನನ್ನು ಪೊಲೀಸರಿಗೆ ಕೊಡುವ, ಮಾವ," ಎಂದ ಅವರ ತಂಗಿಯ ಮಗ ಪದ್ಮರಾಜ. "ಮೂಡುಬಿದಿರೆಯ ಲಾರಿಗೆ ಸರಕು ಕೊಡುವ ಅಂತ ನಾನು ಮೊದಲೇ ಹೇಳಿದ್ದೆ."

ಧರ್ಣಪ್ಪ ಗೋಣಿಯ ಪಕ್ಕ ಕುಳಿತ. "ಬಾಯಿಗೆ ಅರಗಿನ ಮುದ್ರೆ ಒತ್ತಿದ್ದು ಯಾರು ಧಣಿ?"

"ನಾನೇ, ಮೆಣಸು ತುಂಬಿಸಿದ ಸಂಜೆ. ಮಂಗಳೂರಿನಲ್ಲಿ ಒಡೆಯುವವರೆಗೆ ಅದು ಹಾಗೆಯೇ ಇತ್ತಂತೆ."

"ಬುಡದಲ್ಲಿ ಈ ಕಪ್ಪು ಪಟ್ಟಿ?"

"ನಮ್ಮ ಗುರುತು. ಮರುದಿನ ಲಾರಿಗೆ ಹೇರುವ ಮೊದಲು ಪದ್ಮರಾಜ ಬಳಿಯುತ್ತಾನೆ."

"ಭೋಜಾ, ಬುಡದ ಹೊಲಿಗೆ ನೋಡು ಮಾರಾಯ."

ಭೋಜ ಬೆರಳಾಡಿಸಿದ. "ಇದು ಮಿಷನಿನದ್ದಲ್ಲ. ಬಿಚ್ಚಿ, ದಬ್ಬಣದಲ್ಲಿ ಪುನಃ ಹೊಲಿದದ್ದು."

"ನೋಡಿದಿರಾ, ಲಾರಿಯಲ್ಲಿ ಬಿಚ್ಚಿದ್ದಾನೆ!" ಎಂದು ಪದ್ಮರಾಜ ಕೂಗಿದ.

ಧರ್ಣಪ್ಪ ಎದ್ದು ನಿಂತು ಎಲ್ಲರನ್ನೂ ಹತ್ತಿರ ಕರೆದ. "ಕಳ್ಳ ಮುದ್ರೆ ಮುಟ್ಟದೆ ಬುಡ ಬಿಚ್ಚಿದ. ಅದಕ್ಕೇ ಬಾಯಿಯ ಮೆಣಸು ಉಳಿಯಿತು. ಹೊಯಿಗೆಗೆ ಉಮಿ ಬೆರೆಸಿ ಮೆಣಸಿನ ತೂಕಕ್ಕೆ ಸರಿಹೊಂದಿಸಲು ಅವನಿಗೆ ತಕ್ಕಡಿ ಬೇಕಿತ್ತು. ಲಾರಿಯಲ್ಲಿ ತಕ್ಕಡಿ ಇಲ್ಲ. ಇನ್ನು ಪಟ್ಟಿ ನೋಡಿ. ಬಣ್ಣ ಈ ಹೊಸ ದಾರದ ಮೇಲೂ ಹತ್ತಿದೆ, ಎಲ್ಲಿಯೂ ತುಂಡಾಗಿಲ್ಲ. ಅಂದರೆ ಹೊಲಿದದ್ದು ಮೊದಲು, ಬಳಿದದ್ದು ಆಮೇಲೆ. ಬಣ್ಣ ಬಳಿಯುವಾಗ ಗೋಣಿ ನಾರಾವಿಯಲ್ಲೇ ಇತ್ತು. ಉಗ್ರಾಣದ ಬೀಗದಕೈ ಯಾರಲ್ಲಿ ಉಂಟು ಧಣಿ?"

ವಿಜಯರಾಜರ ಕಣ್ಣು ಪದ್ಮರಾಜನ ಸೊಂಟದಲ್ಲಿದ್ದ ಬೀಗದಕೈಯ ಕಡೆ ಹೋಯಿತು.

"ಮೂಡುಬಿದಿರೆಯ ಆ ಲಾರಿ ಯಾರದ್ದು?" ಧರ್ಣಪ್ಪ ಕೇಳಿದ.

ಪದ್ಮರಾಜ ಬೀಗದಕೈ ಬಿಚ್ಚಿ ಗೋಣಿಯ ಮೇಲೆ ಇಟ್ಟ. "ನನಗೂ ಪಾಲು ಉಂಟು. ವಹಾಬರು ಇರುವವರೆಗೆ ಮಾವ ನಮಗೆ ಸರಕು ಕೊಡುತ್ತಿರಲಿಲ್ಲ."

ವಿಜಯರಾಜರು ಕೈಮುಗಿದರು. "ತಪ್ಪಾಯಿತು ವಹಾಬ್. ನಾಳೆಯ ಸರಕು ನೀನೇ ಕೊಂಡುಹೋಗು."

"ಒಂಬತ್ತು ವರ್ಷ ಕೊಂಡುಹೋದೆ ಧಣಿ. ಇವನಿಗೆ ಹೊಡೆಯುವ ಮೊದಲು ನೀವು ನನ್ನನ್ನು ಒಂದು ಮಾತು ಕೇಳಲಿಲ್ಲ," ಎಂದರು ವಹಾಬ್. "ಬೇರೆ ಲಾರಿ ನೋಡಿಕೊಳ್ಳಿ."

ವಿಜಯರಾಜರು ಶೀನಪ್ಪನ ಕಡೆ ತಿರುಗಿದರು. ಅವನು ಅವರ ಮುಖ ನೋಡದೆ ಲಾರಿ ಹತ್ತಿದ. ವಿಜಯರಾಜರು ಲಾರಿಗೆ ಅಡ್ಡ ನಿಂತಿದ್ದರು. ಅವರು ಸರಿಯುವವರೆಗೂ ಅವನು ಹಾರ್ನ್ ಒತ್ತಿಯೇ ಹಿಡಿದ.